ತಗಡಿನ ಉಗಿಬಂಡಿ

(ಭಂಡಾರಕವಠೆಯಲ್ಲಿ ಜರುಗಿದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ಶಾಸನವನ್ನೋ, ವಚನಸಾಹಿತ್ಯವನ್ನೋ, ಗಡಿನಾಡಿನ ಕಷ್ಟಸುಖಗಳನ್ನೋ ಕುರಿತು ಮಾತನಾಡುವುದು ವಾಡಿಕೆ. ನಮಗಿಂತ ಮುಂಚೆ ಮಾತನಾಡಿದ ವಿದ್ವಾಂಸರು ಆ ಕಾರ್ಯವನ್ನು ಸಮರ್ಪಕವಾಗಿ ನೆರವೇರಿಸಿದ್ದಾರೆ. ನಾವಾದರೋ ಮಕ್ಕಳ ಆಟಿಕೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಈ ವೇದಿಕೆಯನ್ನೇರಿದ್ದೇವೆ. ಸಭಿಕರಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಇಪ್ಪತ್ತು ವರ್ಷಗಳಿಂದ ನಮ್ಮ ಮನೆಯವರೂ ಹಾಗೆಯೇ ನಗುತ್ತ ಬಂದಿದ್ದಾರೆ.

ಇದು ತಗಡಿನ ಉಗಿಬಂಡಿ. ಒಂದು ಎಂಜಿನ್ನು, ಅದರ ಹಿಂದೆ ಕಲ್ಲಿದ್ದಲಿನ ಬಂಡಿ, ಎರಡು ಪ್ರಯಾಣಿಕರ ಡಬ್ಬಿಗಳು. ಚಾವಿ ಕೊಟ್ಟರೆ ಓಡುತ್ತದೆ. ನಮ್ಮ ಸೋದರಮಾವಂದಿರು ಕುರ್ಡುವಾಡಿಯ ರೇಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಊರು ಬಿಟ್ಟು ಹೊರಟ ಅಧಿಕಾರಿಯೊಬ್ಬರ ಮನೆಯ ಸಾಮಾನು ಮಾರಾಟವಾದಾಗ ಕುರ್ಚಿ ಮೇಜುಗಳ ನಡುವೆ ಇದು ಸಿಕ್ಕಿತಂತೆ. ನಮ್ಮ ಬಾಲ್ಯದಲ್ಲಿ ಅದನ್ನು ಮುಟ್ಟುವ ಅಪ್ಪಣೆ ನಮಗಿರಲಿಲ್ಲ. ದೀಪಾವಳಿಯ ಪಾಡ್ಯದ ದಿನ ಮಾತ್ರ ಮಾವಂದಿರು ಪೆಟ್ಟಿಗೆಯಿಂದ ಅದನ್ನು ತೆಗೆದು, ಪಡಸಾಲೆಯಲ್ಲಿ ಹಳಿ ಜೋಡಿಸಿ, ಮೂರು ಸುತ್ತು ಓಡಿಸಿ, ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆಯವರು ಪೆಟ್ಟಿಗೆಯನ್ನು ನಮ್ಮ ಕೈಗಿತ್ತರು. ತೆರೆದು ನೋಡಿದರೆ ಎಂಜಿನ್ನಿಗೆ ಜಂಗು ಹಿಡಿದಿತ್ತು. ಸ್ಪ್ರಿಂಗು ಬಿಗಿದುಕೊಂಡು ಚಾವಿ ತಿರುಗದಾಗಿತ್ತು.

ಈ ಆಟಿಕೆಯ ಹುಟ್ಟನ್ನು ಸ್ವಲ್ಪದರಲ್ಲಿ ಹೇಳುತ್ತೇವೆ. ಜರ್ಮನಿಯ ಗೋಪಿಂಗೆನ್ ಎಂಬ ಊರಿನಲ್ಲಿ 1859ರಲ್ಲಿ ಮೆರ್ಕ್ಲಿನ್ ಎಂಬ ಮನೆತನದವರು ಗೊಂಬೆಯಾಟದ ತಗಡಿನ ಪಾತ್ರೆಗಳನ್ನು ಮಾಡಲಾರಂಭಿಸಿದರು. ಅದೇ ಸಂಸ್ಥೆಯವರು 1891ರಲ್ಲಿ ಲೈಪ್‌ಜಿಗ್ ನಗರದ ಜಾತ್ರೆಯಲ್ಲಿ ಚಾವಿಯಿಂದ ಓಡುವ ರೇಲುಗಾಡಿಯನ್ನು ಹಳಿಯ ಸಮೇತ ಪ್ರದರ್ಶಿಸಿದರು. ಅದಕ್ಕೂ ಮೊದಲು ಆಟಿಕೆಯ ರೇಲುಗಾಡಿಗಳು ಇರಲಿಲ್ಲವೆಂದಲ್ಲ. ಇವರು ಮಾಡಿದ ಹೊಸ ಕೆಲಸವೆಂದರೆ ಹಳಿಗಳ ನಡುವಣ ಅಂತರಕ್ಕೆ ಗೊತ್ತಾದ ಅಳತೆಗಳನ್ನು ನಿಗದಿಪಡಿಸಿ, ಈ ವರ್ಷ ಕೊಂಡ ಗಾಡಿಗೆ ಮುಂದಿನ ವರ್ಷ ಕೊಂಡ ಡಬ್ಬಿಯೂ ಹಳಿಯೂ ಹೊಂದುವಂತೆ ಮಾಡಿದ್ದು. ಮುಂದೆ ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಸೊನ್ನೆ ಎಂಬ ಹೆಸರಿನ ಅಳತೆ. ಅದರಲ್ಲಿ ಹಳಿಗಳ ಅಂತರ 32 ಮಿಲಿಮೀಟರ್. ನಮ್ಮ ಕೈಯಲ್ಲಿರುವುದೂ ಅದೇ. ಇದನ್ನು ಮಾಡಿದವರು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬವರ ಸಂಸ್ಥೆಯವರು. ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪಿನಿಂದ ಜೋಡಿಸುವ ಮೆಕ್ಯಾನೊ ಎಂಬ ಆಟಿಕೆಗೆ 1901ರಲ್ಲಿ ಹಕ್ಕು ಪಡೆದವರು ಅವರೇ. 1920ರಲ್ಲಿ ರೇಲುಗಾಡಿಗಳನ್ನು ಮಾರಾಟಕ್ಕೆ ತಂದರು. ಲಿವರ್‌ಪೂಲಿನ ಆ ಕಾರ್ಖಾನೆ 1979ರಲ್ಲಿ ಮುಚ್ಚಿತು.

ಇನ್ನು ತಗಡಿನ ವಿಷಯ. ಇದು ಬರಿಯ ಕಬ್ಬಿಣದ ತಗಡಲ್ಲ. ಉಕ್ಕಿನ ತೆಳುವಾದ ಹಾಳೆಗೆ ತವರದ ಲೇಪ ಕೊಟ್ಟದ್ದು. ನಮ್ಮ ಮನೆಗಳ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿಗಾರನು ಹಾಕುತ್ತಿದ್ದ ಕಲಾಯಿಯೂ ಅದೇ ತವರ. ಆದರೆ ಒಂದು ಭೇದವನ್ನು ಗಮನಿಸಬೇಕು. ಸತುವಿನ ಲೇಪವುಳ್ಳ ಕೊಡದಲ್ಲಿ ಗೀರು ಬಿದ್ದರೆ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರ ಹಾಗಲ್ಲ. ಲೇಪ ಅಖಂಡವಾಗಿರುವ ತನಕ ಅದು ಒಳ್ಳೆಯ ಕವಚ. ಒಮ್ಮೆ ಗೀರು ಬಿತ್ತೆಂದರೆ ಆ ಗೀರಿನಲ್ಲಿ ಕಬ್ಬಿಣವು ಮೊದಲಿಗಿಂತ ಬೇಗ ಜಂಗು ಹಿಡಿಯುತ್ತದೆ. ಆದುದರಿಂದ ಹಳೆಯ ತಗಡಿನ ಆಟಿಕೆಯನ್ನು ಮರಳುಕಾಗದದಿಂದ ಉಜ್ಜುವವನು ಅದರ ವೈದ್ಯನಲ್ಲ, ವೈರಿ.

ಈ ಮಾತನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಅಪರಾಧವನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇವೆ. ಪೆಟ್ಟಿಗೆ ಕೈಗೆ ಬಂದ ಹೊಸದರಲ್ಲಿ ಡಬ್ಬಿಗಳ ಮೇಲೆ ಕುಳಿತ ಜಿಡ್ಡನ್ನು ಕಂಡು, ಒಂದು ಡಬ್ಬಿಯನ್ನು ಸೋಡಾ ಕಲಸಿದ ಬಿಸಿನೀರಿನಲ್ಲಿ ಅದ್ದಿಟ್ಟು ಊಟಕ್ಕೆ ಹೋದೆವು. ಹಿಂತಿರುಗಿ ಬಂದಾಗ ನೀರು ಕೆಂಪಾಗಿತ್ತು. ಡಬ್ಬಿಯ ಒಂದು ಮಗ್ಗುಲಿನ ಕಿಟಕಿಗಳೂ ಬಾಗಿಲುಗಳೂ ಅಕ್ಷರಗಳೂ ಕರಗಿಹೋಗಿದ್ದವು. ಅವು ಕುಂಚದಿಂದ ಬರೆದವಲ್ಲ. ತಗಡು ಚಪ್ಪಟೆಯಾಗಿರುವಾಗಲೇ ಕಲ್ಲಚ್ಚಿನ ರೀತಿಯಲ್ಲಿ ಬಣ್ಣ ಮುದ್ರಿಸಿ, ಬಳಿಕ ಕತ್ತರಿಸಿ ಮಡಿಸಿ ಮಾಡಿದವು. ಮತ್ತೆ ಬರೆಸಲು ಸಾಧ್ಯವೇ ಇಲ್ಲ. ಸೋದರಮಾವಂದಿರು ವರ್ಷಕ್ಕೆ ಮೂರೇ ಸುತ್ತು ಓಡಿಸಿ ಕಾಪಾಡಿದ್ದನ್ನು ನಾವು ಒಂದು ಊಟದ ಹೊತ್ತಿನಲ್ಲಿ ಕೆಡಿಸಿದೆವು. ಅತ್ತೆಯವರು ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಕ್ರಮ ಬದಲಾಯಿತು. ಮೆತ್ತನೆಯ ಅರಿವೆಗೆ ಹೊಲಿಗೆಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಹಾಕಿ, ಮೊದಲು ತಳಭಾಗದಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ ಒರೆಸಿ ನೋಡುತ್ತೇವೆ. ಬಣ್ಣ ಅರಿವೆಗೆ ಬಂದರೆ ಅಲ್ಲಿಗೇ ಕೈಬಿಡುತ್ತೇವೆ. ತಗಡಿನ ಭಾಗಗಳನ್ನು ಒಂದಕ್ಕೊಂದು ಸೇರಿಸುವುದು ಸಣ್ಣ ಸಣ್ಣ ಕಿವಿಗಳಿಂದ: ಒಂದು ಭಾಗದ ಕಿವಿಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಮಡಿಸಿರುತ್ತಾರೆ. ಆ ಕಿವಿ ಎರಡು ಮೂರು ಸಲ ಮಡಿಕೆಯನ್ನು ತಾಳೀತು, ಬಳಿಕ ಮುರಿಯುತ್ತದೆ. ಆದುದರಿಂದ ಬಿಚ್ಚದೆ ಆಗುವ ಕೆಲಸಕ್ಕೆ ಬಿಚ್ಚುವುದಿಲ್ಲ.

ಎಂಜಿನ್ನಿನ ಯಂತ್ರವನ್ನು ಸೋಲಾಪುರದ ಹಿರಿಯ ಗಡಿಯಾರ ರಿಪೇರಿಯವರೊಬ್ಬರಲ್ಲಿಗೆ ಒಯ್ದೆವು. ಅವರು ಮೊದಲು ಕನ್ನಡಕ ತೆಗೆದರು, ಬಳಿಕ ಹಾಕಿಕೊಂಡರು, ಬಳಿಕ "ಇದು ಗಡಿಯಾರದ ತಮ್ಮ" ಎಂದರು. ಸ್ಪ್ರಿಂಗು ಮುರಿದಿರಲಿಲ್ಲ, ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗಿ ಸುರುಳಿಗಳನ್ನು ಕಚ್ಚಿ ಹಿಡಿದಿತ್ತು. ಚಿಮಣಿ ಎಣ್ಣೆಯಲ್ಲಿ ಎರಡು ದಿನ ಇಟ್ಟು, ಬ್ರಶ್ಶಿನಿಂದ ತೊಳೆದು, ಒಣಗಿಸಿ, ಹೊಸ ಎಣ್ಣೆ ಬಿಟ್ಟ ಮೇಲೆ ಚಾವಿ ತಿರುಗಿತು. ಮುಂದಿನ ಜೋಡಿ ಗಾಲಿಗಳು ಮಾತ್ರ ಉಳಿಯಲಿಲ್ಲ. ಅವು ಸತುವಿನ ಮಿಶ್ರಲೋಹದ ಎರಕ. ಎರಕದ ಕಾಲದಲ್ಲಿ ಸೀಸದ ಅಂಶ ತುಸು ಬೆರೆತರೂ ಅಂತಹ ಲೋಹ ದಶಕಗಳ ಬಳಿಕ ಒಳಗಿನಿಂದಲೇ ಬಿರುಕು ಬಿಟ್ಟು, ಹಳೆಯ ಬಿಸ್ಕೀಟಿನಂತೆ ಉದುರುತ್ತದೆ. ಆ ಕಾಲದ ಅನೇಕ ಆಟಿಕೆಗಳ ಪಾಡು ಇದೇ. ಅದಕ್ಕೆ ಮದ್ದಿಲ್ಲ. ಲೇಥ್ ಯಂತ್ರದಲ್ಲಿ ಹಿತ್ತಾಳೆಯ ಗಾಲಿಗಳನ್ನು ಕಡೆಸಿ ಹಾಕಿದೆವು. ಅವು ಹೊಸವೆಂದು ಯಾರಿಗಾದರೂ ತಿಳಿಯಬೇಕೆಂದು ಬಣ್ಣ ಹಚ್ಚದೆ ಬಿಟ್ಟಿದ್ದೇವೆ.

ಪುಣೆಯಲ್ಲಿ ಭಾವುಸಾಹೇಬ ಜೋಶಿಯವರು ಕಟ್ಟಿದ ಕಿರುರೇಲ್ವೆಗಳ ವಸ್ತುಸಂಗ್ರಹಾಲಯವಿದೆ. 1998ರಲ್ಲಿ ತೆರೆದ ಅದನ್ನು ತಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಒಂದು ಪಟ್ಟಣವೇ ಇದೆ: ದೀಪಗಳು ಹೊತ್ತುತ್ತವೆ, ಸಿಗ್ನಲ್ಲುಗಳು ಬೀಳುತ್ತವೆ ಏಳುತ್ತವೆ, ಗಾಡಿಗಳು ಒಂದಕ್ಕೊಂದು ದಾರಿ ಬಿಡುತ್ತವೆ. ನಾವು ಅಲ್ಲಿ ಅರ್ಧ ದಿನ ನಿಂತೆವು. ಹೊರಬಂದಾಗ ನಮಗೆ ಹೊಳೆದದ್ದು ಬೇರೆ. ನಮ್ಮ ಸೋಲಾಪುರ ಜಿಲ್ಲೆಯೇ ಒಂದು ಕಾಲಕ್ಕೆ ಅಂತಹ ಪ್ರದರ್ಶನವಾಗಿತ್ತು. 1860ರಲ್ಲಿ ಮುಂಬಯಿಯ ಕಡೆಯಿಂದ ಸೋಲಾಪುರಕ್ಕೆ ಬಂದು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದ ದಾರಿ 1676 ಮಿಲಿಮೀಟರಿನ ಬ್ರಾಡ್‌ಗೇಜ್. ಹೊಟಗಿಯಿಂದ ಭೀಮೆಯನ್ನು ದಾಟಿ ವಿಜಯಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹೋಗುತ್ತಿದ್ದದ್ದು ಮೀಟರ್‌ಗೇಜ್. ಕುರ್ಡುವಾಡಿಯಿಂದ ಬಾರ್ಶಿಗೆ ಹೋಗುತ್ತಿದ್ದದ್ದು 762 ಮಿಲಿಮೀಟರಿನ ಚಿಕ್ಕ ಹಳಿ.

ಆ ಚಿಕ್ಕ ಹಳಿಯ ಬಗೆಗೆ ಎರಡು ಮಾತು ಹೆಚ್ಚು ಹೇಳಿದರೆ ಕ್ಷಮಿಸಬೇಕು. ಮಾವಂದಿರ ಅನ್ನ ಅದರಿಂದ ಬಂದದ್ದು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಎಂಜಿನಿಯರು ಬಾರ್ಶಿ ಲೈಟ್ ರೇಲ್ವೆಯನ್ನು ಕಟ್ಟಿ 1897ರಲ್ಲಿ ಓಡಿಸಿದರು. ಪ್ರತಿಯೊಂದು ಅಚ್ಚಿನ ಮೇಲೆ ಬೀಳುವ ಭಾರ ಐದು ಟನ್ನು ಮೀರಬಾರದು, ಎಂಜಿನ್ನಿಗೂ ಡಬ್ಬಿಗೂ ಅದೇ ನಿಯಮ ಎಂಬುದು ಅವರ ಸಿದ್ಧಾಂತ. ಹಾಗೆ ಭಾರವನ್ನು ಹಂಚಿದರೆ ಹಗುರಾದ ಹಳಿಯ ಮೇಲೂ ದೊಡ್ಡ ಹೊರೆಯನ್ನು ಸಾಗಿಸಬಹುದೆಂದು ಅವರು ತೋರಿಸಿಕೊಟ್ಟರು. ಹಳಿ 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮಿರಜಕ್ಕೆ ಮುಟ್ಟಿತು. ವಿಠ್ಠಲನ ಯಾತ್ರೆಗೆ ಹೊರಟ ಎಷ್ಟೋ ಕನ್ನಡಿಗರು ಅದರಲ್ಲಿ ಕುಳಿತವರೇ. 1954ರಲ್ಲಿ ಅದು ಸರಕಾರದ ವಶವಾಯಿತು. ಈ ಶತಮಾನದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ಆ ಹಳಿಯೂ ಹೊಟಗಿ–ಗದಗದ ಮೀಟರ್‌ಗೇಜೂ ಬ್ರಾಡ್‌ಗೇಜಿಗೆ ಬದಲಾದವು. ಪ್ರಯಾಣಕ್ಕೆ ಅನುಕೂಲವಾಯಿತೆಂಬುದರಲ್ಲಿ ಸಂಶಯವಿಲ್ಲ. ಗಾಡಿ ಬದಲಿಸುವ ಕಷ್ಟವನ್ನು ಹೊಗಳುವಷ್ಟು ಮುದುಕರು ನಾವಿನ್ನೂ ಆಗಿಲ್ಲ.

ಒಂದು ದಿನ ಲೆಕ್ಕ ಹಾಕುತ್ತ ಕುಳಿತಾಗ ಒಂದು ಸಂಗತಿ ಕಂಡಿತು. 762ನ್ನು 32ರಿಂದ ಭಾಗಿಸಿದರೆ ಹೆಚ್ಚುಕಡಿಮೆ 24 ಬರುತ್ತದೆ. ಎಂದರೆ ಮಾವಂದಿರ ಆಟಿಕೆಯ ಹಳಿಯ ಮೇಲೆ, ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಬಾರ್ಶಿಯ ಗಾಡಿ ಸರಿಯಾಗಿ ಕೂಡುತ್ತದೆ. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಆದುದರಿಂದ ಎಣ್ಣೆಯ ಡಬ್ಬಿಗಳ ತಗಡನ್ನು ಕತ್ತರಿಸಿ, ತವರದ ಬೆಸುಗೆ ಹಾಕಿ ಒಂದು ಡಬ್ಬಿಯನ್ನು ನಾವೇ ಮಾಡಿದೆವು. ಮೊದಲನೆಯದು ವಕ್ರವಾಯಿತು. ಎರಡನೆಯದು ತಿರುವಿನಲ್ಲಿ ಹಳಿ ತಪ್ಪಿತು. ಮೂರನೆಯದು ಓಡುತ್ತದೆ, ಒಳಮಗ್ಗುಲಲ್ಲಿ ಎಣ್ಣೆಯ ಕಂಪನಿಯ ಸೂರ್ಯಕಾಂತಿ ಹೂವು ಇನ್ನೂ ಕಾಣುತ್ತದೆ.

ಓಡಿಸಬೇಕೇ, ಕಪಾಟಿನಲ್ಲಿಡಬೇಕೇ ಎಂಬುದು ಈ ಹವ್ಯಾಸದವರ ಮುಗಿಯದ ಜಗಳ. ಪ್ರತಿ ಸುತ್ತಿಗೂ ಹಲ್ಲುಚಕ್ರ ಸವೆಯುತ್ತದೆ, ಬಣ್ಣ ಕೆರೆಯುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಬಣ್ಣ ಹೋದ ಡಬ್ಬಿಗೆ ಹೊಸ ಬಣ್ಣ ಹಚ್ಚಿಸಿರೆಂದು ಸಲಹೆಯಿತ್ತವರೂ ಇದ್ದಾರೆ. ನಾವು ಹಚ್ಚಿಸಿಲ್ಲ, ಆ ಬೋಳು ಮಗ್ಗುಲು ನಮ್ಮ ಕೈಯ ಕೆಲಸ, ಅದು ಹಾಗೆಯೇ ಕಾಣಲಿ. ಓಡಿಸುವುದನ್ನೂ ನಿಲ್ಲಿಸಿಲ್ಲ. ಮಾವಂದಿರ ಲೆಕ್ಕವನ್ನೇ ಹಿಡಿದಿದ್ದೇವೆ: ವರ್ಷಕ್ಕೆ ಒಂದು ದಿನ, ಮೂರು ಸುತ್ತು. ಕಳೆದ ಪಾಡ್ಯದಂದು ತೊಂಬತ್ತು ದಾಟಿದ ಅತ್ತೆಯವರು ಗೋಡೆಗೆ ಒರಗಿ ಕುಳಿತು ನೋಡಿದರು. ಬೋಳು ಮಗ್ಗುಲು ಅವರ ಎದುರಿಗೆ ಬಂದಾಗ ನಾವು ತಲೆ ತಗ್ಗಿಸಿದೆವು. ಅವರು, "ಅವರ ಕಾಲಕ್ಕ ಇಷ್ಟು ಚಲೋ ಓಡತಿರಲಿಲ್ಲ" ಎಂದರು.

ಈ ವರ್ಷದ ಸರದಿಯನ್ನು ಸಂಘದ ಉತ್ಸವಕ್ಕಾಗಿ ಉಳಿಸಿಕೊಂಡಿದ್ದೇವೆ. ಮಂಟಪದ ಹೊರಗೆ, ಬೇವಿನ ಗಿಡದ ಕೆಳಗಿನ ಮೇಜಿನ ಮೇಲೆ ಹಳಿ ಜೋಡಿಸಿದೆ. ಮಕ್ಕಳು ಮುಂದೆ ನಿಲ್ಲಲಿ, ಹಿರಿಯರು ಹಿಂದೆ. ಚಾವಿಯನ್ನು ಬಲಗಡೆಗೆ ಮಾತ್ರ ತಿರುಗಿಸಬೇಕು, ಬಿಗಿಯಾದೊಡನೆ ನಿಲ್ಲಿಸಬೇಕು. ಇಷ್ಟು ತಿಳಿದ ಯಾವ ಹುಡುಗ ಹುಡುಗಿಯಾದರೂ ಇಂದು ಮೊದಲ ಚಾವಿ ಕೊಡಬಹುದು.