ಗಂಡ ಬಿಟ್ಟವಳಿಗೆ ಯಾವ ಪಿಂಚಣಿ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಬಂದಿರುವ ಅಕ್ಕ-ತಂಗಿಯರೇ,

ನಮ್ಮ ರಾಜ್ಯದಲ್ಲಿ ಬಡ ವಿಧವೆಗೆ 1984ರಿಂದ ವೇತನವಿದೆ. 40ರಿಂದ 64 ವರ್ಷದ ಬಡ ಅವಿವಾಹಿತೆಗೆ, ವಿಚ್ಛೇದಿತೆಗೆ 2013ರಲ್ಲಿ ಮನಸ್ವಿನಿ ಬಂತು. ಮುಂದೆ ಎರಡನ್ನೂ ತಿಂಗಳಿಗೆ 800 ರೂಪಾಯಿ ಮಾಡಿದರು.

ವರದಕ್ಷಿಣೆ ಸಾಲದೆಂದು ಹೊಡೆಸಿಕೊಂಡು ತವರಿಗೆ ಬಂದವಳ ಗತಿ ಏನು? ಗಂಡ ಬದುಕಿದ್ದಾನೆ, ವಿಧವೆಯಲ್ಲ. ಕೋರ್ಟು ಹತ್ತಿಲ್ಲ, ವಿಚ್ಛೇದಿತೆಯೂ ಅಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಇನ್ನೂ ಅವನ ಮನೆಯಲ್ಲೇ. ಊರಿನವರು ಅವಳನ್ನು 'ಗಂಡ ಬಿಟ್ಟಾಕಿ' ಎನ್ನುತ್ತಾರೆ. ಬಿಟ್ಟವನಿಗೆ ಮಾತ್ರ ಯಾವ ಹೆಸರೂ ಇಲ್ಲ!

ಜರ್ಮನಿಯಲ್ಲಿ 1977ರಿಂದ ಬೇರೆ ರೀತಿ ಇದೆ. ವಿಚ್ಛೇದನವಾದರೆ, ಸಂಸಾರ ಮಾಡಿದ ವರ್ಷಗಳಲ್ಲಿ ಇಬ್ಬರೂ ಗಳಿಸಿದ ಪಿಂಚಣಿ ಹಕ್ಕನ್ನು ಸಮನಾಗಿ ಹಂಚುತ್ತಾರೆ. ಮಗು ಸಾಕಿದ್ದಕ್ಕೂ ವರ್ಷಗಳ ಲೆಕ್ಕ ಕೊಡುತ್ತಾರೆ. ಅದು ಸಂಬಳದಲ್ಲಿ ಮುರಿದ ಹಣದ ಪಿಂಚಣಿ, ನಮ್ಮ ಕೂಲಿಗೆ ಅದೆಲ್ಲಿ ಎನ್ನುತ್ತೀರಿ. ನಿಜ. ಆದರೆ ಕಳೆ ಕಿತ್ತು, ರೊಟ್ಟಿ ಬಡಿದು, ಮಕ್ಕಳನ್ನು ಸಾಕಿದ ನಮ್ಮ ವರ್ಷಗಳನ್ನು ಯಾರ ಲೆಕ್ಕದಲ್ಲಿ ಬರೆದಿದ್ದಾರೆ?

ನಿಮ್ಮ ಸಂಘದಲ್ಲಿ ಇಂಥವರು ಎಷ್ಟು ಮಂದಿ, ಈ ವಾರವೇ ಬರೆದುಕೊಳ್ಳಿ. ವಿಚ್ಛೇದನ ಬೇಕೆನ್ನುವ ಹೆಂಗಸಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಪಿಂಚಣಿ ಅರ್ಜಿ ನಾಡಕಚೇರಿಗೆ. ಒಬ್ಬಳನ್ನೇ ಕಳಿಸಬೇಡಿ, ಜೊತೆಗೆ ಇಬ್ಬರು ಹೋಗಿ. ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.