ಪಿಟ್‌ಕೇರ್ನ್ ದ್ವೀಪದ ಸ್ಥಳನಾಮಗಳು

ದಕ್ಷಿಣ ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪಕ್ಕೆ ಆ ಹೆಸರು ಬಂದದ್ದು 1767ರಲ್ಲಿ, ಫಿಲಿಪ್ ಕಾರ್ಟರೆಟ್‌ನ ಹಡಗಿನಿಂದ ಅದನ್ನು ಮೊದಲು ಕಂಡ ರಾಬರ್ಟ್ ಪಿಟ್‌ಕೇರ್ನ್ ಎಂಬ ಹುಡುಗನಿಂದ; ಅಲೆಗಳ ಅಬ್ಬರಕ್ಕೆ ಆ ಹಡಗಿನವರಾರೂ ದಡಕ್ಕಿಳಿಯಲಾಗಲಿಲ್ಲ. ದ್ವೀಪದೊಳಗಿನ ಹೆಸರುಗಳಾದರೋ ನೆಲವನ್ನು ಮೆಟ್ಟಿದವರು, ಕೆಲವೊಮ್ಮೆ ಅದರ ಮೇಲೆ ಜಾರಿ ಬಿದ್ದವರು ಕೊಟ್ಟವು. 1789ರಲ್ಲಿ ಬೌಂಟಿ ಎಂಬ ಬ್ರಿಟಿಷ್ ಹಡಗಿನಲ್ಲಿ ದಂಗೆಯೆದ್ದ ಫ್ಲೆಚರ್ ಕ್ರಿಶ್ಚಿಯನ್ ಮತ್ತು ಅವನ ಎಂಟು ಸಂಗಡಿಗರು, ಟಹೀಟಿ ಮೊದಲಾದ ದ್ವೀಪಗಳ ಗಂಡಸರು ಹೆಂಗಸರೊಂದಿಗೆ 1790ರ ಜನವರಿಯಲ್ಲಿ ಇಲ್ಲಿಗೆ ಬಂದು, ಹಡಗನ್ನು ಸುಟ್ಟು ನೆಲೆನಿಂತರು. ಇಂದಿನ ಕೆಲವೇ ನಿವಾಸಿಗಳಲ್ಲಿ ಹೆಚ್ಚಿನವರು ಅವರ ವಂಶದವರು.

ಸ್ಥಳನಾಮವನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡಾಗಿ ಬಿಡಿಸುತ್ತಾರೆ: ‘ಹೊಸಹಳ್ಳಿ’ಯಲ್ಲಿ ‘ಹೊಸ’ ಎಂಬುದು ಆ ಊರನ್ನು ಬೇರ್ಪಡಿಸುವ ನಿರ್ದಿಷ್ಟ, ‘ಹಳ್ಳಿ’ ಎಂಬುದು ಸ್ಥಳದ ಬಗೆಯನ್ನು ತಿಳಿಸುವ ವಾರ್ಗಿಕ. ಪಿಟ್‌ಕೇರ್ನ್‌ನ ಎಷ್ಟೋ ಹೆಸರುಗಳಲ್ಲಿ ವಾರ್ಗಿಕವೇ ಇಲ್ಲ. ನಡೆದ ಘಟನೆಯೇ ಹೆಸರಾಗಿ ನಿಂತಿದೆ. ‘ವೇರ್ ಡ್ಯಾನ್ ಫಾಲ್’ ಡ್ಯಾನ್ ಬಿದ್ದ ಜಾಗ, ‘ಬ್ರೇಕ್ ಇಮ್ ಹಿಪ್’ ಸೊಂಟ ಮುರಿದ ಜಾಗ, ಇನ್ನೊಂದೆಡೆ ‘ಓ ಡಿಯರ್’ ಎಂಬ ಉದ್ಗಾರವೇ ಹೆಸರು. ಐದು ಚದರ ಕಿಲೋಮೀಟರಿನಷ್ಟೂ ಇಲ್ಲದ, ಸುತ್ತಲೂ ಕಡಿದಾದ ಬಂಡೆಗಳಿರುವ ಈ ನೆಲದಲ್ಲಿ ಮೀನಿಗೂ ಹಕ್ಕಿಯ ಮೊಟ್ಟೆಗೂ ಕಡಲಂಚಿಗೇ ಇಳಿಯಬೇಕಿದ್ದುದರಿಂದ, ಇವನ್ನು ವಿನೋದವೆನ್ನುವುದಕ್ಕಿಂತ ಎಚ್ಚರಿಕೆಗಳೆನ್ನುವುದೇ ಸರಿ. ‘ಔಟೆ ವ್ಯಾಲಿ’ಯ ಬಗೆ ಬೇರೆ: ಔಟೆ ಎಂಬುದು ಪಾಲಿನೇಷ್ಯಾದ ಹೆಂಗಸರು ತೊಗಟೆಯನ್ನು ಬಡಿದು ಟಾಪಾ ಬಟ್ಟೆ ಮಾಡುತ್ತಿದ್ದ ಗಿಡವಾದ್ದರಿಂದ, ದಂಗೆಕೋರರ ಕಥೆಗಳಲ್ಲಿ ಹಿಂದೆ ಸರಿದ ಆ ಹೆಂಗಸರ ದುಡಿಮೆ ಕಣಿವೆಯ ಹೆಸರಿನಲ್ಲಿ ಉಳಿದಿದೆ.

ಬೌಂಟಿಯವರು ಬಂದಾಗ ದ್ವೀಪದಲ್ಲಿ ಜನರಿರಲಿಲ್ಲ, ಆದರೆ ಜನ ಬಾಳಿದ ಕುರುಹುಗಳಿದ್ದವು. ಮರಾಎ ಎಂಬ ಆರಾಧನೆಯ ಕಲ್ಲುಜಗಲಿಗಳನ್ನೂ ಅವುಗಳ ಮೇಲಿದ್ದ ಮೂರ್ತಿಗಳನ್ನೂ ಹೊಸಬರು ಕಿತ್ತರು. ಮೂರ್ತಿಗಳು ಬಂಡೆಯಂಚಿನಿಂದ ಕೆಳಗುರುಳಿದವು. ದ್ವೀಪದ ಟೌಟಮಾ ಎಂಬಲ್ಲಿ ಆ ಹಳೆಯ ಪಾಲಿನೇಷ್ಯನ್ನರು ಬಸಾಲ್ಟ್ ಕಲ್ಲನ್ನು ತೆಗೆದು ಬಾಚಿಗಳನ್ನು ಮಾಡುತ್ತಿದ್ದರು, ಮತ್ತು ಇಲ್ಲಿಯ ಕಲ್ಲಿನ ಉಪಕರಣಗಳು ನೂರಾರು ಕಿಲೋಮೀಟರ್ ಆಚೆಯ ಮಂಗರೆವಾ ದ್ವೀಪದಲ್ಲೂ ಸಿಕ್ಕಿರುವುದರಿಂದ, ಇಂದು ಜಗತ್ತಿನ ಅತಿ ಒಂಟಿ ಊರುಗಳಲ್ಲೊಂದಾದ ಪಿಟ್‌ಕೇರ್ನ್ ಒಂದು ಕಾಲಕ್ಕೆ ದೋಣಿಗಳು ಬಂದುಹೋಗುವ ನೆಲೆಯಾಗಿತ್ತೆಂದು ತಿಳಿಯುತ್ತದೆ. ಆ ಜನ ಬಂಡೆಯ ಬುಡದಲ್ಲಿ ಕೆತ್ತಿದ ಗೀರುಚಿತ್ರಗಳು ಈಗಲೂ ಇವೆ. ಆ ತಾಣವನ್ನು ಇಂದು ‘ಡೌನ್ ರೋಪ್’ ಎಂದು ಕರೆಯುತ್ತಾರೆ, ಹಗ್ಗ ಹಿಡಿದು ಇಳಿಯಬೇಕಾದ ಜಾಗವೆಂಬುದಷ್ಟೇ ಅದರ ಅರ್ಥ.