ನೆರೆಯ ಎರಡು ದಾರಿಗಳು



ಶತಮಾನೋತ್ಸವದ ಈ ಸಂತಸದಲ್ಲಿ ಹೊಳೆದಂಡೆಯ ಊರೊಂದನ್ನು ನೆನೆಯೋಣ. ಬೀಳಗಿ ತಾಲ್ಲೂಕಿನ ಅನಗವಾಡಿಯು ಘಟಪ್ರಭೆಯ ದಡದಲ್ಲಿದೆ. ಆ ಸೀಮೆಗೆ ನೆರೆಯು ಎರಡು ದಾರಿಗಳಿಂದ ಬರುವುದು. 2009ರ ಸೆಪ್ಟೆಂಬರ್ ಕೊನೆಯಿಂದ ಬಯಲುನಾಡಿನ ಮೇಲೆಯೇ ಮಳೆ ಸುರಿಯಿತು. ಕರಿಮಣ್ಣು ಹೀರಲಾರದ ನೀರು ಹೊಲಗಳ ಮೇಲೆ ಹರಿಯಿತು, ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ದೂರದ ಸಹ್ಯಾದ್ರಿಯ ಮಳೆಯಿಂದ ಹಿಡಕಲ್ ಜಲಾಶಯ ತುಂಬಿತು. ಹೊರಬಿಟ್ಟ ನೀರು ಹೊಳೆಯ ದಾರಿಯಿಂದ ಬಂದಿತು.

ಮೊದಲನೆಯದಕ್ಕೆ ಗೋಡೆ ಗಟ್ಟಿಯಿರಬೇಕು. ಎರಡನೆಯದಕ್ಕೆ ಸುದ್ದಿಯು ಹೊತ್ತಿಗೆ ಮುಟ್ಟಬೇಕು. ಆದರೆ ತಾವಾಗಿ ಹೊರಡಲಾರದ ವೃದ್ಧರನ್ನು, ರೋಗಿಗಳನ್ನು ಎಬ್ಬಿಸುವವರು ಯಾರು? ನಮ್ಮ ನುಡಿಯಲ್ಲಿ ಉಕ್ಕಿದ ಹೊಳೆಯೂ ನೆರೆ, ಪಕ್ಕದ ಮನೆಯೂ ನೆರೆ. ಪರಿಹಾರದ ಹಣ ಕೂಡಿಸುವ ಮುನ್ನವೇ ಒಬ್ಬೊಬ್ಬರೂ ಒಂದು ಬಾಗಿಲನ್ನು ತಟ್ಟುವ ಹೊಣೆ ಹೊರೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ.